ಶ್ರೀನಿವಾಸ್ ಕೂಚಿಭೊಟ್ಲ ಯಾರೆಂದು ಹೊಸಬರಿಗೂ ತಿಳಿದಿರಲಿ

ಅಮೆರಿಕಕ್ಕೆ ಬಂದ ಹೊಸತರಲ್ಲಿ ಬಾಡಿಗೆ ಮನೆ, ಬ್ಯಾಂಕ್ ಖಾತೆ, ಡ್ರೈವಿಂಗ್ ಲೈಸೆನ್ಸ್ ಬಗ್ಗೆ ಹೇಳಿಕೊಡುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ನಾನು ಬೇರೆಯದೊಂದು ವಿಷಯ ಹೇಳಬೇಕು.

2017ರ ಫೆಬ್ರವರಿ 22ರ ಸಂಜೆ, ಕಾನ್ಸಸ್ ರಾಜ್ಯದ ಒಲೇಥ ಊರು. ಗಾರ್ಮಿನ್ ಕಂಪನಿಯ ಎಂಜಿನಿಯರ್, 32 ವರ್ಷದ ಶ್ರೀನಿವಾಸ್ ಕೂಚಿಭೊಟ್ಲ ಕೆಲಸ ಮುಗಿಸಿ ಗೆಳೆಯ ಅಲೋಕ್ ಮದಸಾನಿಯವರೊಂದಿಗೆ ಬಾರೊಂದರಲ್ಲಿ ಕುಳಿತಿದ್ದರು. ಅಪರಿಚಿತನೊಬ್ಬ ಬಂದು, ಯಾವ ವೀಸಾದ ಮೇಲೆ ಇದ್ದೀರಿ ಎಂದು ಜಬರಿಸಿದ. ಅಲ್ಲಿದ್ದವರು ಅವನನ್ನು ಹೊರಗೆ ಕಳಿಸಿದರು. ಪಿಸ್ತೂಲು ಹಿಡಿದು ಮರಳಿ ಬಂದವನೇ ‘ನನ್ನ ದೇಶ ಬಿಟ್ಟು ತೊಲಗಿ’ ಎಂದು ಅಬ್ಬರಿಸಿ ಗುಂಡು ಹಾರಿಸಿದ. ಶ್ರೀನಿವಾಸ್ ತೀರಿಕೊಂಡರು, ಅಲೋಕ್ ಗಾಯಗೊಂಡು ಉಳಿದರು. ಹಂತಕನನ್ನು ತಡೆಯಲು ಮುನ್ನುಗ್ಗಿದ ಇಯಾನ್ ಗ್ರಿಲ್ಲಟ್ ಎಂಬ ಸ್ಥಳೀಯ ಯುವಕನಿಗೂ ಗುಂಡು ತಗುಲಿತು. ಅವರ ಹೆಸರನ್ನೂ ನೆನಪಿಡಿ.

ತಾನು ಇರಾನಿನವರಿಗೆ ಗುಂಡು ಹೊಡೆದೆನೆಂದು ಕೊಲೆಗಾರ ಆಮೇಲೆ ಹೇಳಿಕೊಂಡ. ಇಂಥದ್ದು ನಡೆದಾಗಲೆಲ್ಲ ನಮ್ಮವರ ಬಾಯಲ್ಲಿ ಬರುವ ಮಾತು, ‘ಅಯ್ಯೋ, ಬೇರೆಯವರೆಂದು ತಿಳಿದು ಹೊಡೆದುಬಿಟ್ಟ.’ ಈ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ. ಇರಾನಿನವರೇ ಆಗಿದ್ದರೆ ಕೊಲ್ಲಬಹುದಿತ್ತೇ? ನ್ಯೂಯಾರ್ಕ್‌ನ ಅವಳಿ ಗೋಪುರಗಳ ಮೇಲೆ ಭಯೋತ್ಪಾದಕ ದಾಳಿ ನಡೆದ ನಾಲ್ಕೇ ದಿನಕ್ಕೆ, 2001ರ ಸೆಪ್ಟೆಂಬರ್ 15ರಂದು ಅರಿಜೋನಾದ ಮೇಸಾದಲ್ಲಿ ತಮ್ಮ ಪೆಟ್ರೋಲ್ ಬಂಕಿನ ಮುಂದೆ ಹೂಗಿಡ ನೆಡಿಸುತ್ತಿದ್ದ ಸಿಖ್ಖರಾದ ಬಲ್ಬೀರ್ ಸಿಂಗ್ ಸೋಧಿಯವರನ್ನು ಕೊಂದವನೂ ರುಮಾಲು, ಗಡ್ಡ ನೋಡಿಯೇ ಅವರನ್ನು ಅರಬ್ಬರೆಂದು ತೀರ್ಮಾನಿಸಿದ್ದ. ‘ನಾವು ಅವರಲ್ಲ’ ಎಂದು ವಿವರಣೆ ಕೊಡುತ್ತ ಕೂತರೆ ಏಟು ಪಕ್ಕದ ಮನೆಯವರ ಮೇಲೆ ಬೀಳಲಿ ಎಂದಂತೆಯೇ ಆಯಿತು.

ಒಲೇಥದ ಹಂತಕನಿಗೆ 2018ರಲ್ಲಿ ರಾಜ್ಯದ ನ್ಯಾಯಾಲಯ ಜೀವಾವಧಿ ಶಿಕ್ಷೆ ಕೊಟ್ಟಿತು. ಅದೇ ವರ್ಷ ದ್ವೇಷಾಪರಾಧಕ್ಕಾಗಿ ಫೆಡರಲ್ ನ್ಯಾಯಾಲಯವೂ ಜೀವಾವಧಿ ವಿಧಿಸಿತು. ಇಲ್ಲಿನ ಕಾನೂನಿನಲ್ಲಿ ಕೃತ್ಯವೊಂದನ್ನು ದ್ವೇಷಾಪರಾಧ ಎನ್ನಬೇಕಾದರೆ ಜನಾಂಗ, ಧರ್ಮ, ಮೂಲದೇಶದಂಥ ಕಾರಣಕ್ಕೇ ಅದು ನಡೆಯಿತೆಂದು ಸಾಬೀತಾಗಬೇಕು. ಆದ್ದರಿಂದ ಆಡಿದ ಮಾತೇ ದೊಡ್ಡ ಸಾಕ್ಷಿ. ನಿಮ್ಮ ಮೇಲೆ ಹಲ್ಲೆಯೋ ಬೆದರಿಕೆಯೋ ನಡೆದರೆ ಮೊದಲು ಸುರಕ್ಷಿತ ಜಾಗ ಸೇರಿ 911ಕ್ಕೆ ಕರೆ ಮಾಡಿ. ಆಮೇಲೆ ಅವನು ಏನೆಂದನೋ ಅದನ್ನು ಅಕ್ಷರಶಃ ಬರೆದಿಡಿ, ಹೊಲಸು ಬೈಗುಳವಾದರೂ ಸರಿಯೇ, ನಯಗೊಳಿಸಬೇಡಿ. ಪಕ್ಕದಲ್ಲಿದ್ದವರ ಫೋನ್ ನಂಬರ್ ಪಡೆಯಿರಿ. ದ್ವೇಷವೇ ಕಾರಣವೆಂದು ನಿಮಗನ್ನಿಸಿದ್ದರೆ ಅದನ್ನು ವರದಿಯಲ್ಲಿ ಸೇರಿಸುವಂತೆ ಪೊಲೀಸರನ್ನು ಕೇಳಿ, ಕೇಸ್ ನಂಬರ್ ಇಲ್ಲದೆ ಹಿಂದಿರುಗಬೇಡಿ. ಬರೀ ಬೈಗುಳ ಸಾಮಾನ್ಯವಾಗಿ ಅಪರಾಧವಾಗುವುದಿಲ್ಲ. ಆದರೂ ತಿಳಿಸಿ, ನಾಳೆ ಅದೇ ಮನುಷ್ಯ ಕೈ ಎತ್ತಿದಾಗ ಹಳೆಯ ದಾಖಲೆ ಉಪಯೋಗಕ್ಕೆ ಬರುತ್ತದೆ. ‘ವೀಸಾದ ಮೇಲಿದ್ದೇವೆ, ಯಾಕೆ ಗೊಡವೆ’ ಎಂದು ಸುಮ್ಮನಾಗುವವರೇ ನಮ್ಮಲ್ಲಿ ಹೆಚ್ಚು. ದೂರು ಕೊಟ್ಟ ಮಾತ್ರಕ್ಕೆ ವೀಸಾ ಹೋಗುವುದಿಲ್ಲ.

ವೀಸಾದ ಇನ್ನೊಂದು ಮಗ್ಗುಲಿದೆ. ಪತಿ ಹೋದ ದುಃಖದ ನಡುವೆಯೇ ಶ್ರೀನಿವಾಸ್ ಅವರ ಪತ್ನಿ ಸುನಯನಾ ದುಮಾಲಾ ಈ ದೇಶದಲ್ಲಿ ಉಳಿಯುವ ಹಕ್ಕಿಗಾಗಿಯೂ ಹೋರಾಡಬೇಕಾಯಿತು. ಗಂಡನ ಅಥವಾ ಹೆಂಡತಿಯ ವೀಸಾದ ಆಸರೆಯಲ್ಲಿ ಬಂದವರು ತಮ್ಮ ಕಾಗದಪತ್ರಗಳ ಪ್ರತಿಯನ್ನು ತಾವೇ ಇಟ್ಟುಕೊಳ್ಳಿ, ವಲಸೆ ವಕೀಲರೊಬ್ಬರ ಪರಿಚಯ ಮಾಡಿಕೊಳ್ಳಿ. ತನಿಖೆಗೆ ನೆರವಾಗುವ ಸಂತ್ರಸ್ತರಿಗೆ ಯು ವೀಸಾ ಎಂಬ ದಾರಿಯೂ ಇದೆ. ಸುನಯನಾ ಮರಳಿ ಕಾನ್ಸಸ್‌ಗೇ ಬಂದು, ‘ಫಾರೆವರ್ ವೆಲ್ಕಮ್’ ಎಂಬ ಸಂಸ್ಥೆ ಕಟ್ಟಿ ವಲಸಿಗರ ಪರವಾಗಿ ದುಡಿದರು.

ನಿಮ್ಮೂರಿನ ಕನ್ನಡ ಸಂಘದವರು ಫೆಬ್ರವರಿ 22ರಂದು ಸ್ಮರಣೆ ಇಟ್ಟುಕೊಂಡರೆ ಗುರುದ್ವಾರಕ್ಕೂ ಮಸೀದಿಗೂ ಕರೆ ಹೋಗಲಿ. ಪೊಲೀಸ್ ಅಧಿಕಾರಿಯೊಬ್ಬರನ್ನೂ ಕರೆಸಿ, ದೂರು ಕೊಡುವ ಬಗೆಯನ್ನು ಅವರಿಂದಲೇ ಹೇಳಿಸಿ.