ಅವರೆಕಾಯಿ ಬುಟ್ಟಿ ಇಟ್ಟ ಮೇಲೆ ಬಂದರು

ಮೂವತ್ತು ವರ್ಷದ ಮೇಲೆ ನರ್ಸ್ ಕೆಲಸ ಮಾಡಿ ನಿವೃತ್ತಿಯಾದವಳು ನಾನು. ಊರು ಮಾಗಡಿ ಕಡೆ. ಮಂಕಾಗಿ ಮೂಲೆ ಹಿಡಿದ ಹಿರಿಯರನ್ನು ವಾರಕ್ಕೆರಡು ದಿನ ನಮ್ಮ ಜಗಲಿಯಲ್ಲಿ ಕೂರಿಸುತ್ತೇನೆ ಅಂದಾಗ ಜೊತೆಯವರೇ ನಕ್ಕಿದ್ದರು. "ಹಾಸಿಗೆ ಬಿಟ್ಟು ಏಳದವರು ನಿಮ್ಮ ಜಗಲಿಗೆ ಬರ್ತಾರಾ ಸಿಸ್ಟರ್?" ಈಗ ಹದಿನಾಲ್ಕು ಜನ ಬರುತ್ತಾರೆ. ನಕ್ಕವರಲ್ಲಿ ಇಬ್ಬರು ಹೇಗೆ ಅಂತ ಫೋನ್ ಮಾಡಿ ಕೇಳಿದರು, ಅದಕ್ಕೇ ಈ ಬರಹ.

ಮೊದಲು 'ಮಾನಸಿಕ ಆರೋಗ್ಯ ಶಿಬಿರ' ಅಂತ ಬ್ಯಾನರ್ ಹಾಕಿಸಿದೆ. ಶಾಮಿಯಾನ, ಕುರ್ಚಿ, ಉಪ್ಪಿಟ್ಟು ಸೇರಿ ಆರು ಸಾವಿರದ ಹತ್ತಿರ ಹೋಯಿತು. ಬಂದವರು ಮೂವರು. ಅದರಲ್ಲಿ ಇಬ್ಬರು ಮಂಡಿನೋವಿನ ಮುಲಾಮು ಕೇಳಲು. ಊರಲ್ಲಿ 'ಹುಚ್ಚರ ಶಿಬಿರ' ಅನ್ನೋ ಹೆಸರು ಬೇರೆ. ಆಮೇಲೆ ಭಜನೆ ಇಟ್ಟೆ. ಚೆನ್ನಾಗಿರುವವರೇ ಬಂದು ಹಾಡಿ ಹೋದರು. ನಗೆಕೂಟ ಇನ್ನೂ ಕೆಟ್ಟದ್ದು. ಗಂಡ ಹೋಗಿ ಎಂಟು ತಿಂಗಳಾದ ಅಜ್ಜಿಗೆ ಹಹ್ಹಹ್ಹ ಅನ್ನಿ ಅಂದರೆ ಹೇಗಿರಬೇಡ? ಎದ್ದು ಹೋದರು. ಇವತ್ತಿಗೂ ನನ್ನ ಕಂಡರೆ ಮುಖ ತಿರುಗಿಸುತ್ತಾರೆ.

ಹಿರಿಯರ ಖಿನ್ನತೆ ಗುರುತಿಸುವ 15 ಪ್ರಶ್ನೆಯ ಜಿಡಿಎಸ್ ಹಾಳೆ ನರ್ಸುಗಳಿಗೆಲ್ಲ ಗೊತ್ತಿರುವುದೇ. ಓದಿ ಓದಿ ಕೇಳಿದೆ. ಎಲ್ಲರದ್ದೂ "ದೇವರು ಚೆನ್ನಾಗಿಟ್ಟಿದ್ದಾನೆ". ಸೊಸೆ ಪಕ್ಕದಲ್ಲೇ ನಿಂತಿದ್ದಳಲ್ಲ! ನಮ್ಮವರು ಬೇಜಾರು ಅನ್ನಲ್ಲ. ಕೈಕಾಲು ಸೋತಿದೆ, ಊಟ ಸೇರಲ್ಲ, ರಾತ್ರಿ ಮೂರಕ್ಕೇ ಎಚ್ಚರ ಅಂತಾರೆ. ಈಗ ಬಿಪಿ ಪಟ್ಟಿ ಸುತ್ತುತ್ತಾ ಕೇಳುತ್ತೇನೆ. ಮಾತಾಡಿದರೆ ರೀಡಿಂಗ್ ಏರುತ್ತೆ, ಗೊತ್ತು. ಇನ್ನೊಂದು ಸಲ ನೋಡಿದರಾಯಿತು. ಸೊಸೆಯನ್ನು ಒಳಗೆ ಕಳಿಸಲು ಏನು ಹೇಳುತ್ತೇನೆ ಅನ್ನೋದನ್ನು ಬರೆಯಲ್ಲ, ಸೊಸೆಯರೂ ಓದುತ್ತಾರೆ.

ದಾರಿ ಸಿಕ್ಕಿದ್ದು ಒಂದು ಡಿಸೆಂಬರ್‌ನಲ್ಲಿ. ಐದು ಕೆಜಿ ಅವರೆಕಾಯಿ ತಂದಿದ್ದೆ, ಸುಲಿಯಲು ಕೈ ಸಾಲಲಿಲ್ಲ. ಹಿಂದಿನ ಬೀದಿಯ ಅಜ್ಜಿಯನ್ನು ಕರೆದೆ. ನಾಲ್ಕು ತಿಂಗಳಿಂದ ಗೋಡೆ ಕಡೆ ತಿರುಗಿ ಮಲಗಿದ್ದವರು. ಬಂದು ಕೂತರು. ನೆನೆದ ಕಾಳನ್ನು ನಾನು ಹಿತುಕುವುದು ನೋಡಿ, "ಬೇಳೆನೇ ಜಜ್ಜಿಬಿಟ್ಯಲ್ಲೇ, ನಿಮ್ಮಮ್ಮ ಏನೂ ಕಲಿಸಿಲ್ವಾ?" ಅಂತ ಬೈದರು. ನನಗೆ ಖುಷಿಯೋ ಖುಷಿ.

ಮುಂದಿನ ವಾರ ಒಂದು ಹೋಟೆಲ್‌ಗೆ ಹಿತುಕಿದ ಬೇಳೆ ಒಪ್ಪಿಕೊಂಡೆ. ಕೆಜಿಗೆ ಸುಮಾರು 60 ರೂಪಾಯಿ ಕೂಲಿ. ಮೊದಲ ಎಂಟು ಕೆಜಿ ಜಾಸ್ತಿ ನೆನೆದು ಹುಳಿ ವಾಸನೆ ಬಂತು, ಸಾವಿರದೈನೂರು ನನ್ನ ಪರ್ಸಿಂದ ಹೋಯಿತು. ಸೀಸನ್ ಮುಗಿದ ಮೇಲೆ ಹುಣಸೆಹಣ್ಣು, ಆಷಾಢಕ್ಕೆ ಹೂಬತ್ತಿ. ಗಂಡಸರು ಇದ್ಯಾವುದನ್ನೂ ಮುಟ್ಟಲಿಲ್ಲ. ಅವರಿಗೆ ತಕ್ಕಡಿ, ಲೆಕ್ಕದ ಪುಸ್ತಕ.

ಬುಟ್ಟಿಯೊಂದೇ ಸಾಲಲ್ಲ. ಐದಾರು ಜನರನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯರು ನೋಡುವ ಮಂಗಳವಾರದ ಮನೋಚೈತನ್ಯ ಕ್ಲಿನಿಕ್‌ಗೆ ಕರೆದೊಯ್ದೆ. ಮಾತ್ರೆ ಹಿಡಿಯಲು ಮೂರ್ನಾಲ್ಕು ವಾರ ಬೇಕು, ಇವರು ಐದನೇ ದಿನಕ್ಕೇ ಬಿಡುತ್ತಾರೆ. ಒಬ್ಬರು ಖಿನ್ನತೆಯ ಮಾತ್ರೆ ಎಸಿಟಾಲೋಪ್ರಾಮ್ ಶುರುವಾದ ಎರಡನೇ ವಾರ ತೂರಾಡಿದರು, ಏನೇನೋ ಮಾತು. "ಮದ್ದು ತಲೆಗೇರಿದೆ" ಅಂತ ಮಗ ನನ್ನ ಮೇಲೇ ಬಂದ. ನೋಡಿದರೆ ರಕ್ತದ ಸೋಡಿಯಂ 120ರ ಆಸುಪಾಸು, 135ರ ಮೇಲಿರಬೇಕಾದದ್ದು. ಬಿಪಿಗೆ ಮೂತ್ರ ಹೋಗುವ ಮಾತ್ರೆ ಮೊದಲೇ ನಡೆಯುತ್ತಿತ್ತು, ಎರಡೂ ಸೇರಿದರೆ ಸೋಡಿಯಂ ಇಳಿಯಬಹುದು, ಅದನ್ನು ನಾನು ಡಾಕ್ಟರಿಗೆ ಹೇಳಿರಲಿಲ್ಲ. ಅಷ್ಟು ವರ್ಷದ ನರ್ಸು! ಈಗ ಹಳೇ ಚೀಟಿ ಕೈಗೆ ಬರದೆ ಹೊರಡಲ್ಲ. "ದೇವರು ಯಾಕಿನ್ನೂ ಕರ್ಕೊಂಡಿಲ್ಲ" ಅಂತ ಪದೇ ಪದೇ ಅಂದರೆ ಮೊದಲು ಡಾಕ್ಟರ್, ಹೊತ್ತಲ್ಲದ ಹೊತ್ತಿಗೆ ಟೆಲಿ ಮಾನಸ್ ಸಹಾಯವಾಣಿ 14416, ಆಮೇಲೆ ಬುಟ್ಟಿ.

ನಡುವೆ ವಾಟ್ಸಾಪ್ ಗುಂಪು ಮಾಡಿದೆ. ಬರೀ ಗುಲಾಬಿ ಹೂವಿನ ಗುಡ್ ಮಾರ್ನಿಂಗ್. ಮುಚ್ಚಿದೆ. ಕಿವಿ ನೋಡಿಸಿದ್ದು ಮಾತ್ರ ಗೆದ್ದಿತು. ಮಾತೇ ಬಿಟ್ಟಿದ್ದಾರೆ ಅಂದ ತಾತನ ಎರಡೂ ಕಿವಿಯಲ್ಲಿ ಗುಗ್ಗೆ ಕಟ್ಟಿತ್ತು. ಈಗ ಟಿವಿ ಜೋರಾಯ್ತು ಅಂತ ಮೊಮ್ಮಕ್ಕಳ ಮೇಲೆ ರೇಗುತ್ತಾರೆ.

ಮೊನ್ನೆ ಹೋಟೆಲಿನವರು ಕೆಜಿಗೆ ಐದು ರೂಪಾಯಿ ಇಳಿಸಲು ನೋಡಿದರು. ಗೋಡೆ ಕಡೆ ತಿರುಗಿ ಮಲಗಿದ್ದ ಅಜ್ಜಿ ಬುಟ್ಟಿ ತಳ್ಳಿ, "ನೀನೇ ಹಿತುಕ್ಕೋ ಹೋಗಪ್ಪ" ಅಂದರು. ಇಳಿಸಲಿಲ್ಲ.