ಇಂಗ್ಲಿಷಲ್ಲಿ ಕೆಲಸದ ಅರ್ಜಿ ಬರೆದ ನನ್ನ ಅನುಭವ

ಸೆಕೆಂಡ್ ಪಿಯುಸಿ ಇಂಗ್ಲಿಷ್ ಪೇಪರ್‌ನಲ್ಲಿ ಕೆಲಸದ ಅರ್ಜಿ ಬರೆಯುವ ಪ್ರಶ್ನೆ ಒಂದಿರುತ್ತಿತ್ತು. ಐದು ಅಂಕ. ಪತ್ರಿಕೆಯಲ್ಲಿ ಬಂದ ಜಾಹೀರಾತು ಅಂತ ಎರಡು ಮೂರು ಸಾಲು ಕೊಟ್ಟಿರುತ್ತಿದ್ದರು, ಅದನ್ನು ನೋಡಿ ಲೆಟರ್ ಬರೆಯಬೇಕು. ನಮ್ಮ ಹೆಸರಿನ ಜಾಗದಲ್ಲಿ ಎಕ್ಸ್ ಎಕ್ಸ್ ಎಕ್ಸ್, ವಿಳಾಸದ ಜಾಗದಲ್ಲಿ ವೈ ವೈ ವೈ. ಗೈಡ್‌ನಲ್ಲಿದ್ದ ಒಂದೇ ಒಂದು ಲೆಟರನ್ನು ನಾನು ಬಾಯಿಪಾಠ ಮಾಡಿಟ್ಟುಕೊಂಡಿದ್ದೆ. ಟೀಚರ್ ಕೆಲಸ ಬರಲಿ, ಸೇಲ್ಸ್‌ಮನ್ ಕೆಲಸ ಬರಲಿ, ಹುದ್ದೆಯ ಹೆಸರೊಂದನ್ನು ಬದಲಾಯಿಸಿದರೆ ಮುಗೀತು. ಐದಕ್ಕೆ ನಾಲ್ಕು ಗ್ಯಾರಂಟಿ.

ಆರು ವರ್ಷ ಆದಮೇಲೆ ನಿಜವಾಗಿಯೂ ಕೆಲಸ ಬೇಕಾದಾಗ ನನ್ನ ಕೈಯಿಂದ ಬಂದದ್ದೂ ಅದೇ ಲೆಟರ್.

ಅದು 2019. ನಾನು ತಿಪಟೂರಿನಲ್ಲಿ ಒಬ್ಬ ಆಡಿಟರ್ ಹತ್ತಿರ ಕೆಲಸಕ್ಕಿದ್ದೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಆಮೇಲೆ ಬಿಕಾಂ. ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ಚೆನ್ನಾಗಿ ಬರುತ್ತಿತ್ತು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಆಫೀಸಿನಲ್ಲಿ ದೊಡ್ಡವರೆಲ್ಲ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಚಿಕ್ಕವನು ಅಂತ ಪೋರ್ಟಲ್ ಕೆಲಸವನ್ನೆಲ್ಲ ನನ್ನ ತಲೆಗೆ ಕಟ್ಟಿದರು. ಹಾಗಾಗಿ ಅದನ್ನು ಕಲಿತುಬಿಟ್ಟೆ. ಮದುವೆ ಮಾತು ಶುರುವಾಗಿತ್ತು, ಸಂಬಳ ಸಾಲುತ್ತಿರಲಿಲ್ಲ, ಬೆಂಗಳೂರಿಗೆ ಹೋಗೋಣ ಅನ್ನಿಸಿತು. ಸರಿ, ಒಂದು ಭಾನುವಾರ ಕೂತು ಅರ್ಜಿ ಟೈಪ್ ಮಾಡಿದೆ.

ಅದನ್ನು ನೆನೆಸಿಕೊಂಡರೆ ಈಗಲೂ ನಾಚಿಕೆ ಆಗುತ್ತದೆ. 'ರೆಸ್ಪೆಕ್ಟೆಡ್ ಸರ್' ಅಂತ ಶುರು. ಅದರ ಕೆಳಗೆ 'ಐ ಬೆಗ್ ಟು ಸ್ಟೇಟ್ ದಟ್'. ನಡುವೆ ನಾನು ಹಾರ್ಡ್ ವರ್ಕಿಂಗ್, ಸಿನ್ಸಿಯರ್, ಪಂಕ್ಚುಯಲ್. ಕೊನೆಗೆ, ಒಂದು ಅವಕಾಶ ಕೊಟ್ಟರೆ ನಿಮಗೆ ಸದಾ ಋಣಿಯಾಗಿರುತ್ತೇನೆ ಅನ್ನುವ ಅರ್ಥದ ಎರಡು ಸಾಲು. ಅದರಡಿಗೆ 'ಯುವರ್ಸ್ ಒಬಿಡಿಯಂಟ್ಲಿ', ಅದೂ ಆರ್ ಮತ್ತು ಎಸ್ ನಡುವೆ ಒಂದು ಅಪಾಸ್ಟ್ರಫಿ ಚುಚ್ಚಿ.

ಇದನ್ನು ಹನ್ನೊಂದು ಕಂಪನಿಗೆ ಕಳಿಸಿದೆ. ಹನ್ನೊಂದು ಸಲ ಅಲ್ಲ, ಒಂದೇ ಸಲ. ಹನ್ನೊಂದು ಮೇಲ್ ಐಡಿಗಳನ್ನೂ ಮೇಲಿನ 'ಟು' ಜಾಗದಲ್ಲಿ ಸಾಲಾಗಿ ತುಂಬಿ ಸೆಂಡ್ ಒತ್ತಿದೆ. ಪ್ರತಿಯೊಬ್ಬರಿಗೂ ಉಳಿದ ಹತ್ತು ಜನರ ವಿಳಾಸ ಕಾಣಿಸುತ್ತದೆ ಅನ್ನುವುದು ನನಗೆ ಹೊಳೆಯಲೇ ಇಲ್ಲ. ಯಾರೂ ಉತ್ತರ ಬರೆಯಲಿಲ್ಲ. ಯಾಕೆ ಬರೆಯುತ್ತಾರೆ?

ನಮ್ಮ ಚಿಕ್ಕಪ್ಪನ ಮಗಳು ಬೆಂಗಳೂರಿನಲ್ಲಿ ಎಚ್‌ಆರ್ ಕೆಲಸ ಮಾಡುತ್ತಾಳೆ. ನನಗಿಂತ ನಾಲ್ಕು ವರ್ಷ ದೊಡ್ಡವಳು. ಹಬ್ಬಕ್ಕೆ ಊರಿಗೆ ಬಂದಿದ್ದಾಗ ಮೊಬೈಲ್‌ನಲ್ಲಿ ಅವಳಿಗೆ ಲೆಟರ್ ತೋರಿಸಿದೆ. ಬೈತಾಳೆ ಅಂದುಕೊಂಡಿದ್ದೆ, ಬೈಯಲಿಲ್ಲ.

"ಆಫೀಸಲ್ಲಿ ದಿನಾ ಏನ್ ಕೆಲಸ ಮಾಡ್ತೀಯೋ? ಕನ್ನಡದಲ್ಲೇ ಹೇಳು" ಅಂದಳು.

ಹೇಳಿದೆ. ಇಪ್ಪತ್ತಾರು ಪಾರ್ಟಿಗಳ ಲೆಕ್ಕ ನನ್ನ ಕೈಲಿದೆ, ಜಾಸ್ತಿ ಕೊಬ್ಬರಿ ಮಂಡಿಯವರದ್ದು. ತಿಂಗಳ ಹನ್ನೊಂದರೊಳಗೆ ಜಿಎಸ್‌ಟಿಆರ್ ಒಂದು, ಅಂದರೆ ಮಾರಾಟದ ಬಿಲ್‌ಗಳ ರಿಟರ್ನ್, ಇಪ್ಪತ್ತರೊಳಗೆ ಮೂರು ಬಿ, ಅಂದರೆ ತೆರಿಗೆ ಕಟ್ಟುವ ರಿಟರ್ನ್ ಹಾಕಬೇಕು. ಕೊಬ್ಬರಿ ಲೋಡ್ ಉತ್ತರ ಭಾರತಕ್ಕೆ ಹೊರಟರೆ ಇ-ವೇ ಬಿಲ್, ಅಂದರೆ ಸರಕು ಸಾಗಿಸುವ ಆನ್‌ಲೈನ್ ಚೀಟಿ ಮಾಡಬೇಕು, ಲಾರಿ ಡ್ರೈವರ್ ರಾತ್ರಿ ಹತ್ತಕ್ಕೆ ಫೋನ್ ಮಾಡಿದರೂ ಎದ್ದು ಮಾಡಿಕೊಡುತ್ತೇನೆ. ಆಮೇಲೆ ಹಾರ್ಡ್‌ವೇರ್ ಅಂಗಡಿಯವರ ಕಥೆ. ಒಂದೂವರೆ ಲಕ್ಷದ ಸಿಮೆಂಟ್ ತರಿಸಿದ್ದರು. ಸಿಮೆಂಟಿಗೆ ಆಗ ಶೇಕಡ 28 ತೆರಿಗೆ, ಅಂದರೆ 42 ಸಾವಿರ ಕ್ರೆಡಿಟ್ ಬರಬೇಕು, ಅವರು ಕಟ್ಟಬೇಕಾದ ತೆರಿಗೆಯಲ್ಲಿ ಅಷ್ಟು ಕಳೆದುಕೊಳ್ಳಬಹುದು. ಎರಡು ಎ, ಅಂದರೆ ಮಾರಿದವರು ತೋರಿಸಿದ ಬಿಲ್‌ಗಳ ಪಟ್ಟಿ, ಅದರ ಜೊತೆ ತಾಳೆ ನೋಡಿದರೆ ಆ ಬಿಲ್ಲೇ ಇಲ್ಲ. ಮಾರಿದವರು ತಮ್ಮ ರಿಟರ್ನ್‌ನಲ್ಲಿ ಬೇರೆ ಯಾರದ್ದೋ ಜಿಎಸ್‌ಟಿ ನಂಬರ್ ಹಾಕಿಬಿಟ್ಟಿದ್ದರು. ಒಂದು ವಾರ ಬೆನ್ನು ಹತ್ತಿ, ಮುಂದಿನ ತಿಂಗಳ ರಿಟರ್ನ್‌ನಲ್ಲಿ ಅದನ್ನು ತಿದ್ದಿಸಿದೆ.

ಹೀಗೆ ಹತ್ತು ನಿಮಿಷ ಮಾತಾಡಿರಬಹುದು. ಅಕ್ಕ ಮೊಬೈಲ್ ವಾಪಸ್ ಕೊಟ್ಟು, "ಇದರಲ್ಲಿ ಒಂದಾದ್ರೂ ಲೆಟರಲ್ಲಿ ಇದೆಯೇನೋ?" ಅಂದಳು.

ಇರಲಿಲ್ಲ. ನಾನು ಸೋಮಾರಿ, ಲೇಟಾಗಿ ಬರ್ತೀನಿ ಅಂತ ಯಾರೂ ಅರ್ಜಿಯಲ್ಲಿ ಬರೆಯುವುದಿಲ್ಲ. ಎಲ್ಲರೂ ಹಾರ್ಡ್ ವರ್ಕಿಂಗೇ. ಓದುವವರಿಗೆ ಆ ಪದ ಬೋರ್ಡ್ ಮೇಲಿನ 'ಸುಸ್ವಾಗತ' ಇದ್ದ ಹಾಗೆ, ಕಣ್ಣಿಗೆ ಬೀಳುತ್ತದೆ, ತಲೆಗೆ ಹೋಗುವುದಿಲ್ಲ.

ಆವತ್ತು ರಾತ್ರಿ ನೋಟ್‌ಬುಕ್ ತೆಗೆದು, ಅವಳಿಗೆ ಹೇಳಿದ್ದನ್ನೇ ಕನ್ನಡದಲ್ಲಿ ಬರೆದುಕೊಂಡೆ. ಎರಡು ಪುಟ ಆಯಿತು. ಜಾಹೀರಾತಿನಲ್ಲಿ ಕೇಳಿದ್ದಕ್ಕೆ ಹೊಂದುವ ಸಾಲುಗಳಿಗಷ್ಟೇ ಗೀಟು ಹಾಕಿದೆ. ಆಮೇಲೆ ಆ ಸಾಲುಗಳಿಗೆ ಮಾತ್ರ ಇಂಗ್ಲಿಷ್ ಹುಡುಕಿದೆ. ಇದರಿಂದ ಒಂದು ದೊಡ್ಡ ಲಾಭ ಆಯಿತು. ಇಂಗ್ಲಿಷಲ್ಲಿ ಏನು ಬರುತ್ತದೋ ಅದನ್ನು ಹೇಳುವ ಬದಲು, ನನಗೆ ಏನು ಹೇಳಬೇಕಿತ್ತೋ ಅದನ್ನು ಹೇಳಿದೆ. ನನ್ನ ವಿಷಯಕ್ಕೆ ಬೇಕಾದ ಇಂಗ್ಲಿಷ್ ತುಂಬಾ ಕಷ್ಟದ್ದೂ ಅಲ್ಲ. 'ಐ ಫೈಲ್ ಮಂತ್ಲಿ ಜಿಎಸ್‌ಟಿ ರಿಟರ್ನ್ಸ್ ಫಾರ್ ಟ್ವೆಂಟಿ ಸಿಕ್ಸ್ ಕ್ಲೈಂಟ್ಸ್.' ಇದರಲ್ಲಿ ಕಷ್ಟದ ಪದ ಯಾವುದಿದೆ?

ಕಷ್ಟ ಬಂದದ್ದು ಬೇರೆ ಕಡೆ. ಕನ್ನಡ ಅರ್ಜಿಯ ಧಾಟಿ ನಮ್ಮ ಕೈಬೆರಳಲ್ಲೇ ಕೂತುಬಿಟ್ಟಿರುತ್ತದೆ. ಇಂದ, ಇವರಿಗೆ, ಮಾನ್ಯರೇ, 'ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ'. ತಾಲ್ಲೂಕು ಆಫೀಸಿಗೆ, ಬೆಸ್ಕಾಂಗೆ, ಹೆಡ್‌ಮಾಸ್ಟರಿಗೆ ಹೀಗೇ ಬರೆದು ಬೆಳೆದವರು ನಾವು. ನನ್ನ 'ಬೆಗ್ ಟು ಸ್ಟೇಟ್' ಅಲ್ಲಿ ಕೂತು ಆರಾಮಾಗಿದ್ದದ್ದೂ ಅದಕ್ಕೇ, ಅದು 'ವಿನಂತಿಸಿಕೊಳ್ಳುವುದೇನೆಂದರೆ'ಯ ಅಣ್ಣನೋ ತಮ್ಮನೋ ಇದ್ದ ಹಾಗಿದೆ. ಕನ್ನಡದಲ್ಲಿ ಆ ಮಾತು ಬರೀ ಮರ್ಯಾದೆ, ಯಾರೂ ಅದನ್ನು ಬೇಡಿಕೊಳ್ಳುವುದು ಅಂತ ಓದುವುದಿಲ್ಲ. ಇಂಗ್ಲಿಷಿಗೆ ಹೋದ ಕೂಡಲೇ ಅದು ಕೈಮುಗಿದು ನಿಂತಂತೆ ಕಾಣುತ್ತದೆ. ಕಂಪನಿಯವರಿಗೆ ಕೆಲಸಗಾರ ಬೇಕು, ನನಗೆ ಕೆಲಸ ಬೇಕು. ಯಾರೂ ಯಾರಿಗೂ ಉಪಕಾರ ಮಾಡುತ್ತಿಲ್ಲ ಅಲ್ವಾ? ಹಾಗಾಗಿ ಮೊದಲ ಸಾಲನ್ನು ನೇರ ಮಾಡಿದೆ: 'ಐ ಆಮ್ ಅಪ್ಲೈಯಿಂಗ್ ಫಾರ್ ದ ಪೋಸ್ಟ್ ಆಫ್ ಅಕೌಂಟ್ಸ್ ಅಸಿಸ್ಟೆಂಟ್', ಜಾಹೀರಾತು ಯಾವ ಪತ್ರಿಕೆಯಲ್ಲಿ ಯಾವ ತಾರೀಖು ಬಂದಿತ್ತು ಅನ್ನುವುದು ಅದರ ಜೊತೆಗೇ. ತಿಂಗಳನ್ನು ಅಕ್ಷರದಲ್ಲೇ ಬರೆದೆ. 5/6 ಅಂದರೆ ಜೂನ್ ಐದೋ ಮೇ ಆರೋ ಅಂತ ಅನುಮಾನ ಬರಬಾರದು.

'ಮಾನ್ಯರೇ' ಎಷ್ಟು ಒಳ್ಳೆಯ ಪದ ಅಂತ ಗೊತ್ತಾದದ್ದೂ ಆವಾಗಲೇ. ಗಂಡಸಾದರೂ ಹೆಂಗಸಾದರೂ ನಡೆಯುತ್ತದೆ. ಇಂಗ್ಲಿಷಲ್ಲಿ 'ಡಿಯರ್ ಸರ್' ಅಂತ ಬರೆದು, ಓದುವವರು ಮೇಡಂ ಆಗಿದ್ದರೆ? ನನ್ನ ಹಳೇ ಹನ್ನೊಂದರಲ್ಲಿ ಎಷ್ಟು ಜನ ಮೇಡಂಗಳಿದ್ದರೋ ದೇವರಿಗೇ ಗೊತ್ತು. ಹೆಸರು ಗೊತ್ತಿಲ್ಲದಿದ್ದರೆ 'ಡಿಯರ್ ಸರ್ ಆರ್ ಮೇಡಂ'. ಹಾಗೆ ಶುರು ಮಾಡಿದರೆ ಕೊನೆಗೆ 'ಯುವರ್ಸ್ ಫೇತ್‌ಫುಲ್ಲಿ'. ಹೆಸರು ಹಾಕಿ ಶುರು ಮಾಡಿದರೆ 'ಯುವರ್ಸ್ ಸಿನ್ಸಿಯರ್ಲಿ'. ಇದು ಬ್ರಿಟಿಷರ ಕಾಲದಿಂದ ಬಂದ ಜೋಡಿ, ತಪ್ಪಿದರೆ ಯಾರೂ ಪ್ರಾಣ ತೆಗೆಯುವುದಿಲ್ಲ. ಆದರೆ ಎರಡು ನಿಮಿಷದ ಕೆಲಸ, ಸರಿಯಾಗಿಯೇ ಮಾಡಬಹುದು. 'ಒಬಿಡಿಯಂಟ್ಲಿ'ಯನ್ನು ಸ್ಕೂಲಿನ ರಜಾ ಅರ್ಜಿಗೆ ಬಿಟ್ಟುಬಿಡಿ.

ಹೆಸರು ಹಾಕುವಾಗ ಇನ್ನೊಂದು ಪೇಚು. ಇಂಗ್ಲಿಷರ ಪದ್ಧತಿಯಲ್ಲಿ ಹೆಸರಿನ ಕೊನೆಯ ಭಾಗ ಹಿಡಿದು ಕರೆಯಬೇಕು. ನಮ್ಮ ಕಡೆ ಕೆ.ಆರ್. ಶೋಭಾ ಅಂತಿದ್ದರೆ ಕೆ ಊರಿನದ್ದು, ಆರ್ ಅಪ್ಪನದ್ದು. ಕೊನೆಗಿರುವ ಶೋಭಾನೇ ಅವರ ಹೆಸರು. 'ಡಿಯರ್ ಮಿಸ್ ಶೋಭಾ' ಅಂತಲೇ ಬರೆದೆ, 'ಎಂ ಎಸ್' ಅಂತ ಕಾಗುಣಿಸುವ ಆ 'ಮಿಸ್'. ಮದುವೆ ಆಗಿದೆಯೋ ಇಲ್ಲವೋ ಅನ್ನುವ ಚಿಂತೆ ನಮಗೆ ಬೇಡ.

ಇನ್ನು ವ್ಯಾಕರಣ. 'ಮೂರು ವರ್ಷದಿಂದ ಕೆಲಸ ಮಾಡ್ತಿದ್ದೀನಿ' ಅನ್ನುವುದನ್ನು ನಾನು 'ಐ ಆಮ್ ವರ್ಕಿಂಗ್ ಸಿನ್ಸ್ ತ್ರೀ ಇಯರ್ಸ್' ಅಂತ ಬರೆದಿದ್ದೆ. ಕನ್ನಡಕ್ಕೆ ಪದಕ್ಕೆ ಪದ ಸರಿ, ಇಂಗ್ಲಿಷಿಗೆ ತಪ್ಪು. ನಮಗೆ '2016ರಿಂದ' ಅನ್ನುವುದಕ್ಕೂ 'ಮೂರು ವರ್ಷದಿಂದ' ಅನ್ನುವುದಕ್ಕೂ ಒಂದೇ 'ಇಂದ' ಸಾಕು. ಅವರಿಗೆ ಎರಡು ಬೇಕು. ಯಾವಾಗ ಶುರುವಾಯಿತು ಅಂತ ಹೇಳಿದರೆ 'ಸಿನ್ಸ್', ಎಷ್ಟು ಕಾಲ ಅಂತ ಹೇಳಿದರೆ 'ಫಾರ್'. ಕ್ರಿಯಾಪದವೂ ಬದಲಾಗಿ 'ಐ ಹ್ಯಾವ್ ಬೀನ್ ವರ್ಕಿಂಗ್' ಆಗಬೇಕು. ಅಕ್ಕ ಇದನ್ನು ಹೇಳಿಕೊಟ್ಟಾಗ ನಾನು ಸಾಲನ್ನೇ ಬದಲಾಯಿಸಿ '2016ರಿಂದ' ಅಂತ ಮಾಡಿಕೊಂಡೆ, ವರ್ಷ ಎಣಿಸುವ ರಗಳೆಯೇ ಬೇಡ ಅಂತ. ಗೊತ್ತಿಲ್ಲದ ದಾರಿಯಲ್ಲಿ ಹೋಗುವುದಕ್ಕಿಂತ ಗೊತ್ತಿರುವ ಸುತ್ತುದಾರಿ ವಾಸಿ.

ಎ, ಆನ್, ದ ಇವು ನನಗೆ ಇವತ್ತಿಗೂ ಪೂರ್ತಿ ಹಿಡಿತಕ್ಕೆ ಬಂದಿಲ್ಲ. ಕನ್ನಡದಲ್ಲಿ ಇಲ್ಲವಲ್ಲ. ಜೋರಾಗಿ ಓದಿಕೊಳ್ಳುತ್ತೇನೆ, ಎಲ್ಲೋ ಎಡವಿದರೆ ಅಲ್ಲಿ ಒಂದು 'ದ' ಬೇಕಿರುತ್ತದೆ. ಕಂಪ್ಯೂಟರ್ ಸ್ಪೆಲ್ಲಿಂಗ್ ತಿದ್ದುತ್ತದೆ, ಅರ್ಥ ತಿದ್ದುವುದಿಲ್ಲ ಅನ್ನುವುದೂ ನೆನಪಿರಲಿ. 'ಲೆಡ್ಜರ್' ಬದಲು 'ಲೆಜರ್' ಅಂತ ಬಿಡುವಿನ ಸಮಯದ ಪದ ಹಾಕಿದ್ದೆ, ಅದಕ್ಕೆ ಕೆಂಪು ಗೆರೆ ಬರಲೇ ಇಲ್ಲ.

ಕೊನೆಗೆ ಉಳಿದದ್ದು ಅರ್ಧ ಪುಟ. ಮೊದಲ ಪ್ಯಾರಾ ಯಾವ ಹುದ್ದೆ ಅನ್ನುವುದು. ಎರಡನೆಯದು ಇಪ್ಪತ್ತಾರು ಪಾರ್ಟಿ, ರಿಟರ್ನ್ಸ್, ಇ-ವೇ ಬಿಲ್, ಆ 42 ಸಾವಿರದ ಸಿಮೆಂಟ್ ಬಿಲ್. ಅಂಗಡಿಯವರ ಹೆಸರು ಹಾಕಲಿಲ್ಲ, ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಹೇಳುವವನನ್ನು ಯಾರು ನಂಬುತ್ತಾರೆ? ಮೂರನೆಯದು, ಫ್ಯಾಕ್ಟರಿಯ ಸ್ಟಾಕ್ ಲೆಕ್ಕ ನಾನು ಮಾಡಿಲ್ಲ, ಕಲಿಯಬೇಕು ಅಂತ ನೇರವಾಗಿ. ಇದನ್ನು ಬರೆಯೋಕೆ ಭಯವಾಗಿತ್ತು. ಅಕ್ಕನೇ, "ಇರಲಿ ಬಿಡೋ, ಹೇಗಿದ್ರೂ ಇಂಟರ್ವ್ಯೂನಲ್ಲಿ ಗೊತ್ತಾಗುತ್ತೆ" ಅಂದಳು. ಕೊನೆಯದು, ಒಂದು ತಿಂಗಳ ನೋಟಿಸ್ ಕೊಟ್ಟು ಬರಬಲ್ಲೆ, ಇಂಟರ್ವ್ಯೂಗೆ ಯಾವ ದಿನವಾದರೂ ಸರಿ, ಆದರೆ ಹನ್ನೊಂದು ಮತ್ತು ಇಪ್ಪತ್ತನೇ ತಾರೀಖು ಬಿಟ್ಟು. ಅಪ್ಪ ಏನು ಕೆಲಸ ಮಾಡುತ್ತಾರೆ, ಜಾತಿ ಯಾವುದು, ಹವ್ಯಾಸ ಕ್ರಿಕೆಟ್ ನೋಡುವುದು, ಇವೆಲ್ಲ ಕಿತ್ತುಹಾಕಿದೆ. ಸಂಬಳದ ಮಾತು ಅವರು ಕೇಳಿರಲಿಲ್ಲ, ನಾನೂ ಎತ್ತಲಿಲ್ಲ. ಕೇಳಿದ್ದರೆ ಒಂದು ಅಂಕಿ ಬರೆಯಬೇಕು. 'ಕಂಪನಿ ಕೊಟ್ಟಷ್ಟು' ಅಂತ ಬರೆದರೆ ಅವರು ಕೊಟ್ಟಷ್ಟೇ.

ಈ ಸಲ ಒಂದು ಕಂಪನಿಗೆ ಒಂದು ಮೇಲ್. ಸಬ್ಜೆಕ್ಟ್ ಜಾಗದಲ್ಲಿ ಹುದ್ದೆಯ ಹೆಸರು, ನನ್ನ ಹೆಸರು. ಲೆಟರ್ ಮೇಲ್‌ನಲ್ಲೇ ಇತ್ತು, ಬಯೋಡಾಟಾ ಮಾತ್ರ ಪಿಡಿಎಫ್ ಮಾಡಿ ಸೇರಿಸಿದೆ. ಫೈಲಿಗೂ ನನ್ನ ಹೆಸರೇ. ಮೊದಲು ಅದು 'ನ್ಯೂ ಫೈನಲ್ ಟು' ಅಂತಿತ್ತು.

ಕಳಿಸುವ ಮುಂಚೆ ಅಕ್ಕನಿಗೆ ವಾಟ್ಸಾಪ್ ಮಾಡಿದೆ. ಒಂಬತ್ತನೇ ಸಲ ತಿದ್ದಿದ ಲೆಟರ್, ಒಂದು ತಪ್ಪೂ ಸಿಗಲ್ಲ ಅನ್ನುವ ಜಂಬ ಬೇರೆ. ಹತ್ತು ನಿಮಿಷಕ್ಕೆ ಉತ್ತರ ಬಂತು: "ಇಂಗ್ಲಿಷ್ ಚೆನ್ನಾಗಿದೆ. ಫೋನ್ ನಂಬರಲ್ಲಿ ಒಂಬತ್ತೇ ಅಂಕಿ ಇದೆ ನೋಡು."

ನಾಲ್ಕು ಕಡೆ ಕಳಿಸಿದೆ. ಒಂದು ಕಡೆಯಿಂದ ಫೋನ್ ಬಂತು, ಪೀಣ್ಯದ ಒಂದು ಸಣ್ಣ ಫ್ಯಾಕ್ಟರಿ. ಬೆಳಗಿನ ರೈಲು ಹತ್ತಿ ಯಶವಂತಪುರದಲ್ಲಿ ಇಳಿದು ಮೆಟ್ರೋದಲ್ಲಿ ಹೋದೆ. ದಾರಿಯುದ್ದಕ್ಕೂ ಇಂಗ್ಲಿಷಲ್ಲಿ ನನ್ನ ಪರಿಚಯ ಹೇಳಿಕೊಳ್ಳುತ್ತಾ ಬಂದಿದ್ದೆ, ಪಕ್ಕದಲ್ಲಿ ಕೂತವರು ಏನಂದುಕೊಂಡರೋ.

ಮ್ಯಾನೇಜರ್ ಮುಂದೆ ನನ್ನ ಲೆಟರಿನ ಪ್ರಿಂಟ್ ಇತ್ತು. ಸಿಮೆಂಟ್ ಬಿಲ್ಲಿನ ಸಾಲಿಗೆ ಪೆನ್ಸಿಲ್‌ನಲ್ಲಿ ಗೀಟು ಹಾಕಿದ್ದರು. ನಾನು ಗಂಟಲು ಸರಿಮಾಡಿಕೊಂಡು 'ಗುಡ್ ಮಾರ್ನಿಂಗ್ ಸರ್' ಅಂದೆ. ಅವರು ತಲೆ ಎತ್ತಿ ನೋಡಿ, "ಬನ್ನಿ, ಕೂತ್ಕೊಳ್ಳಿ. ತಿಪಟೂರಿನವರಾ? ಕೊಬ್ಬರಿ ರೇಟ್ ಹೇಗಿದೆ ಈಗ?" ಅಂದರು.