ಬ್ಯಾಸ್ ಬೋಟಿಗೆ ಹೊಸ ಟ್ರೋಲಿಂಗ್ ಮೋಟಾರು: ನಿಜವಾದ ಕೆಲಸ ಇದ್ದದ್ದು ತಂತಿಯಲ್ಲಿ

ಅಟ್ಲಾಂಟಾದ ಈಶಾನ್ಯಕ್ಕಿರುವ ಲೇನಿಯರ್ ಸರೋವರವು 1950ರ ದಶಕದಲ್ಲಿ ಚಟ್ಟಾಹೂಚಿ ನದಿಗೆ ಬ್ಯೂಫರ್ಡ್ ಅಣೆಕಟ್ಟು ಕಟ್ಟಿದಾಗ ರೂಪುಗೊಂಡ ಜಲಾಶಯ. ಮುಳುಗಿದ ಕಣಿವೆಗಳ ನೀರಾದ್ದರಿಂದ ಆಳ ಹೆಚ್ಚು. ಇಲ್ಲಿನ ಸ್ಪಾಟೆಡ್ ಬ್ಯಾಸ್ ಮೀನುಗಳು ಬೇಸಗೆಯಲ್ಲಿ 20ರಿಂದ 30 ಅಡಿ ಕೆಳಗೆ, ಮೀನು ಹಿಡಿಯುವವರೇ ಮುಳುಗಿಸಿಟ್ಟ ಒಣಪೊದೆಗಳ ಸುತ್ತ ನಿಲ್ಲುತ್ತವೆ. ಅವುಗಳಿಗೆ ಗಾಳ ಹಾಕಬೇಕಾದರೆ ದೋಣಿಯ ಮೂತಿಯಲ್ಲಿ ನಿಂತವನಿಗೆ ತನ್ನ ಕಾಲಡಿಯ ನೀರಿನಲ್ಲಿ ಏನಿದೆಯೆಂಬ ಚಿತ್ರವೂ, ಗಾಳಿ ಬೀಸಿದರೂ ದೋಣಿಯನ್ನು ಆ ಜಾಗದಲ್ಲಿಯೇ ಹಿಡಿದಿಡುವ ಟ್ರೋಲಿಂಗ್ ಮೋಟಾರೂ (ಮೂತಿಗೆ ಕೂರಿಸುವ, ಬ್ಯಾಟರಿಯಿಂದ ಓಡುವ ಪುಟ್ಟ ಮೋಟಾರು) ಬೇಕು. ನನ್ನ 18 ಅಡಿಯ ಹಳೆಯ ಫೈಬರ್‌ಗ್ಲಾಸ್ ಬೋಟಿನಲ್ಲಿ ಇವೆರಡೂ ಅರೆಬರೆಯಾಗಿದ್ದವು.

ಹಳೆಯದು 24 ವೋಲ್ಟಿನ, ಪೆಡಲಿನ ಕೇಬಲ್ಲಿನಿಂದ ತಿರುಗುವ ಮೋಟಾರು. ಅದರ ಹೊಟ್ಟೆಗೆ ಟ್ರಾನ್ಸ್‌ಡ್ಯೂಸರನ್ನು, ಅಂದರೆ ನೀರಿಗೆ ಶಬ್ದದ ಅಲೆ ಬಿಟ್ಟು ಅದರ ಮಾರ್ದನಿಯನ್ನು ಪರದೆಗೆ ಕಳಿಸುವ ಸೋನಾರ್ ಉಪಕರಣವನ್ನು, ಹೋಸ್ ಕ್ಲ್ಯಾಂಪಿನಿಂದ ಬಿಗಿದು, ಅದರ ತಂತಿಯನ್ನು ಮೋಟಾರಿನ ದಂಡಕ್ಕೆ ಜಿಪ್ ಟೈಗಳಿಂದ ಕಟ್ಟಿದ್ದೆ. ಮೋಟಾರನ್ನು ಮೇಲೆಳೆದು ಮಲಗಿಸಿದಾಗಲೆಲ್ಲ ತಂತಿಯು ಬ್ರಾಕೆಟಿನ ಅಂಚಿಗೆ ಉಜ್ಜುತ್ತಿತ್ತು. ಮೂರನೆಯ ವರ್ಷ ಪರದೆಯಲ್ಲಿ ಆಳದ ಅಂಕಿ 22 ಅಡಿಯಿಂದ ಇದ್ದಕ್ಕಿದ್ದಂತೆ 3 ಅಡಿಗೆ ಜಿಗಿಯತೊಡಗಿತು. ಟೈಗಳನ್ನು ಒಂದೊಂದಾಗಿ ಕತ್ತರಿಸಿ ನೋಡಿದಾಗ, ಬ್ರಾಕೆಟ್ ತಾಗುವ ಜಾಗದಲ್ಲಿ ಕಪ್ಪು ಹೊದಿಕೆ ಸವೆದು ಒಳಗಿನ ತಾಮ್ರದ ಜಾಲರಿ ಹಸಿರುಗಟ್ಟಿತ್ತು. ದೋಣಿಯ ಹಿಂಬದಿಯಲ್ಲಿ ಇನ್ನೊಂದು ಟ್ರಾನ್ಸ್‌ಡ್ಯೂಸರ್ ಇತ್ತಾದರೂ ಅದು ತೋರಿಸುವುದು ನಾನು ನಿಂತ ಜಾಗಕ್ಕಿಂತ 18 ಅಡಿ ಹಿಂದಿನ ನೀರನ್ನು. ಇಡೀ ಪೊದೆಯೇ ಆ ಅಂತರಕ್ಕಿಂತ ಚಿಕ್ಕದಾಗಿರುವಾಗ ಆ ಚಿತ್ರದಿಂದ ಪ್ರಯೋಜನವಿಲ್ಲ.

ಬಹಳ ಯೋಚಿಸಿ ಆರಿಸಿಕೊಂಡದ್ದು ಮಿನ್ ಕೋಟಾ ಬ್ರ್ಯಾಂಡಿನ ಅಲ್ಟ್ರೆಕ್ಸ್ ಮೋಟಾರು, 24 ವೋಲ್ಟ್, 80 ಪೌಂಡ್ ಒತ್ತುಬಲದ್ದು. ಪಾದದಡಿಯ ಕೇಬಲ್ ಹಿಡಿತವನ್ನು ಉಳಿಸಿಕೊಂಡೇ ಜಿಪಿಎಸ್‌ನಿಂದ ದೋಣಿಯನ್ನು ಒಂದೆಡೆ ನಿಲ್ಲಿಸುವ ಸ್ಪಾಟ್-ಲಾಕ್ ಇದರಲ್ಲಿದೆ. 112 ಪೌಂಡಿನದು ಆಸೆ ಹುಟ್ಟಿಸಿತ್ತು, ಆದರೆ ಅದಕ್ಕೆ 36 ವೋಲ್ಟ್, ಅಂದರೆ ಮೂರನೆಯ ಬ್ಯಾಟರಿ ಬೇಕು; ನನ್ನ ದೋಣಿಯ ಹಿಂಭಾಗ ಈಗಲೇ ಭಾರ. ಟ್ರಾನ್ಸ್‌ಡ್ಯೂಸರ್ ಮೋಟಾರಿನೊಳಗೇ ಅಡಕವಾಗಿ, ಅದರ ತಂತಿ ದಂಡದ ಒಳಗಿನಿಂದಲೇ ಮೇಲೆ ಬರುವ ಮಾದರಿ ಬೇಕೆಂಬುದರಲ್ಲಿ ಮಾತ್ರ ಎರಡು ಮನಸ್ಸಿರಲಿಲ್ಲ.

ಇಲ್ಲಿ ಎಚ್ಚರ ಬೇಕಾದದ್ದು ಪರದೆಯ ವಿಷಯದಲ್ಲಿ. ಒಳಗೇ ಅಡಕವಾದ ಟ್ರಾನ್ಸ್‌ಡ್ಯೂಸರ್ ಕೊಳ್ಳುವುದೆಂದರೆ ಪರದೆಯ ಆಯ್ಕೆಗೂ ಕಟ್ಟುಬೀಳುವುದೆಂದೇ ಅರ್ಥ. 83 ಮತ್ತು 200 ಕಿಲೋಹರ್ಟ್ಸ್‌ನ ಸಾಮಾನ್ಯ ಟ್ರಾನ್ಸ್‌ಡ್ಯೂಸರ್ ಇರುವ ಮೋಟಾರನ್ನು ಅಡಾಪ್ಟರ್ ತಂತಿಯ ಮೂಲಕ ಹಲವು ಕಂಪನಿಗಳ ಪರದೆಗೆ ಜೋಡಿಸಬಹುದು. ಸುಮಾರು 1.2 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ, ದೋಣಿಯ ಕೆಳಗಿನದನ್ನು ಇನ್ನೂ ಸ್ಪಷ್ಟವಾಗಿ ತೋರಿಸುವ ಮೆಗಾ ಡೌನ್ ಇಮೇಜಿಂಗ್ ಬೇಕೆಂದರೆ ಹಮ್ಮಿನ್‌ಬರ್ಡ್ ಬ್ರ್ಯಾಂಡಿನ ಹೊಂದುವ ಪರದೆಗಳೇ ಬೇಕು. ಮಿನ್ ಕೋಟಾ, ಹಮ್ಮಿನ್‌ಬರ್ಡ್ ಎರಡೂ ಬ್ರ್ಯಾಂಡುಗಳು ಜಾನ್ಸನ್ ಔಟ್‌ಡೋರ್ಸ್ ಎಂಬ ಒಂದೇ ಸಂಸ್ಥೆಯವು. ನನ್ನಲ್ಲಿ ಮೊದಲೇ ಹಮ್ಮಿನ್‌ಬರ್ಡ್‌ನ ಹೆಲಿಕ್ಸ್ ಪರದೆ ಇದ್ದುದರಿಂದ ಎರಡನೆಯದನ್ನು ತೆಗೆದುಕೊಂಡೆ. ಟ್ರಾನ್ಸ್‌ಡ್ಯೂಸರ್ ಕೆಟ್ಟರೆ ಮೋಟಾರನ್ನೇ ಬಿಚ್ಚಿಸಬೇಕಾಗುತ್ತದೆ ಎಂಬ ಅಳುಕು ಇದ್ದೇ ಇದೆ, ಆದರೂ ಹಸಿರುಗಟ್ಟಿದ ಆ ಜಾಲರಿಯನ್ನು ನೆನೆದಾಗ ಅದು ದೊಡ್ಡದೆನಿಸುವುದಿಲ್ಲ.

ನೀರಿನೊಳಗಿರುವ ಮೋಟಾರಿನ ಮೇಲ್ಭಾಗವು ನೀರಿನ ಮಟ್ಟಕ್ಕಿಂತ ಕನಿಷ್ಠ ಒಂದಡಿ ಕೆಳಗಿರಬೇಕು, ಇಲ್ಲದಿದ್ದರೆ ಅಲೆಯಲ್ಲಿ ಮೂತಿ ಎದ್ದಾಗ ಪಂಖ ಗಾಳಿಯನ್ನು ನುಂಗುತ್ತದೆ. ಆ ಗುಳ್ಳೆಗಳು ಸೋನಾರಿನ ಕಣ್ಣನ್ನೂ ಮಸುಕಾಗಿಸುತ್ತವೆ. ಹೀಗಾಗಿ 45 ಇಂಚಿನ ದಂಡವನ್ನು ಬಿಟ್ಟು 52 ಇಂಚಿನದನ್ನು ತರಿಸಿದೆ. ಮೂತಿಗೆ ಕೂರಿಸುವ ಕೆಲಸ ಒಂದು ಬೆಳಗಿನಲ್ಲಿ ಮುಗಿಯಿತು. ಜೆಲ್‌ಕೋಟ್ (ಫೈಬರ್‌ಗ್ಲಾಸಿನ ಹೊಳಪಿನ ಹೊರಪದರ) ಸಿಡಿಯದಂತೆ ಮೊದಲು ಅಂಟುಪಟ್ಟಿ ಹಚ್ಚಿ, ಡ್ರಿಲ್ಲನ್ನು ಹಿಮ್ಮುಖವಾಗಿ ತಿರುಗಿಸುತ್ತಾ ಗುರುತು ಕೊರೆದು, ಆಮೇಲೆ ಮುಮ್ಮುಖ ಮಾಡಬೇಕೆಂಬುದೊಂದೇ ಅಲ್ಲಿನ ಗುಟ್ಟು.

ತಂತಿಗೆ ಎರಡು ವಾರಾಂತ್ಯ ಹಿಡಿಯಿತು. ಈ ಮೋಟಾರು ಪೂರ್ಣ ವೇಗದಲ್ಲಿ 56 ಆಂಪಿಯರ್ ವರೆಗೆ ಎಳೆಯುತ್ತದೆ. ಬ್ಯಾಟರಿ ಹಿಂದೆ, ಮೋಟಾರು ಮುಂದೆ. ಹೋಗಿಬರುವ ತಂತಿಯ ಉದ್ದ ಸುಮಾರು 40 ಅಡಿ. ಮೊದಲಿದ್ದ 8 ಗೇಜಿನ ತಂತಿಯಲ್ಲಿ ಆ ಹೊರೆಗೆ ಸುಮಾರು 1.4 ವೋಲ್ಟ್ ದಾರಿಯಲ್ಲಿಯೇ ಸೋರುತ್ತದೆ. ಗೇಜಿನ ಅಂಕಿ ಇಳಿದಷ್ಟೂ ತಂತಿ ದಪ್ಪ; 6 ಗೇಜಿನದಾದರೆ ಸೋರಿಕೆ 0.9ಕ್ಕೆ ಇಳಿಯುತ್ತದೆ. ಆದ್ದರಿಂದ ಹಳೆಯದನ್ನೆಲ್ಲ ಕಿತ್ತು, ತವರ ಲೇಪಿಸಿದ 6 ಗೇಜಿನ ತಂತಿ ಎಳೆದು, ಬ್ಯಾಟರಿಯ ಬಳಿ 60 ಆಂಪಿಯರಿನ ಬ್ರೇಕರ್ ಕೂರಿಸಿದೆ. ನನ್ನ ತಪ್ಪು ನಡೆದದ್ದು ಇದೇ ಹೊತ್ತಿನಲ್ಲಿ. ಎಂಜಿನ್ ಬ್ಯಾಟರಿಯ ತುದಿಯಲ್ಲಿ ಇನ್ನೊಂದು ತಂತಿಗೆ ಜಾಗವಿಲ್ಲವೆಂದು, ಪರದೆಗೆ ಬೇಕಾದ 12 ವೋಲ್ಟನ್ನು ಟ್ರೋಲಿಂಗ್ ಬ್ಯಾಟರಿಗಳಲ್ಲೊಂದರಿಂದ ತೆಗೆದುಕೊಂಡೆ. ಟ್ರಾನ್ಸ್‌ಡ್ಯೂಸರಿನ ತಂತಿಯನ್ನೂ, ನೀಟಾಗಿ ಕಾಣಲೆಂದು, ದಪ್ಪ ತಂತಿಯ ಜೊತೆಗೇ ಕಟ್ಟಿ, ಮಿಕ್ಕ ಉದ್ದವನ್ನು ಸುರುಳಿ ಸುತ್ತಿ ಪೆಡಲಿನ ಕೆಳಗೆ ತುರುಕಿದೆ.

ನೀರಿಗಿಳಿದಾಗ ಮೋಟಾರು ನಿಂತಿದ್ದರೆ ಚಿತ್ರ ಕನ್ನಡಿಯಂತೆ. ಪೆಡಲ್ ಒತ್ತಿದೊಡನೆ ಪರದೆಯ ತುಂಬ ಜಡಿಮಳೆ. ವೇಗದ ಗುಂಡಿಯನ್ನು 3ರಿಂದ ಒಂದೊಂದೇ ಮೆಟ್ಟಿಲು ಏರಿಸುತ್ತಾ ಹೋದೆ. 5, 6, 7ರಲ್ಲಿ ಗೆರೆಗಳು ದಟ್ಟವಾಗಿದ್ದು, 10ಕ್ಕೆ ಬಂದಾಗ ಮಳೆ ಪೂರ್ತಿ ನಿಂತುಹೋಯಿತು. ರೋಗ ಗೊತ್ತಾದದ್ದು ಅಲ್ಲಿಯೇ. ಮೋಟಾರಿನ ವೇಗವನ್ನು ಕಡಿಮೆ ಮಾಡುವುದು ವಿದ್ಯುತ್ತನ್ನು ಕ್ಷಣಕ್ಷಣಕ್ಕೂ ಕಡಿದು ಕಡಿದು ಕೊಡುವ ಮೂಲಕ. 10ರಲ್ಲಿ ಕಡಿಯುವ ಕೆಲಸವಿಲ್ಲದೆ ವಿದ್ಯುತ್ತು ಸತತವಾಗಿ ಹರಿಯುತ್ತದೆ. ಅಂದರೆ ಟ್ರಾನ್ಸ್‌ಡ್ಯೂಸರ್ ಸರಿಯಾಗಿಯೇ ಇದೆ, ಆ ಮಿಡಿತ ಎಲ್ಲಿಂದಲೋ ನುಸುಳುತ್ತಿದೆ. ಮಾರನೆಯ ದಿನ ಪರದೆಯನ್ನು ಒಂದು ಪುಟ್ಟ ಬಿಡಿ ಬ್ಯಾಟರಿಗೆ ಜೋಡಿಸಿ ನೋಡಿದೆ, ಅರ್ಧಕ್ಕಿಂತ ಹೆಚ್ಚು ಗೆರೆಗಳು ಮಾಯವಾದವು. ಸರಣಿಯಲ್ಲಿರುವ ಎರಡು ಬ್ಯಾಟರಿಗಳಲ್ಲಿ ಒಂದರಿಂದ ಮಾತ್ರ ವಿದ್ಯುತ್ ಎಳೆದರೆ ಮೋಟಾರಿನ ಮಿಡಿತ ಪರದೆಗೆ ಸೇರುವುದಷ್ಟೇ ಅಲ್ಲ, ಎರಡೂ ಸಮನಾಗಿ ಖಾಲಿಯಾಗದೆ ಅವುಗಳ ಆಯುಸ್ಸೂ ಕೆಡುತ್ತದೆ. ಉಳಿದ ಗೆರೆಗಳು, ಟ್ರಾನ್ಸ್‌ಡ್ಯೂಸರಿನ ತಂತಿಯನ್ನು ಬಿಚ್ಚಿ ದೋಣಿಯ ಎಡಮಗ್ಗುಲಿಂದ ಬೇರೆಯಾಗಿ ತಂದು, ದಪ್ಪ ತಂತಿಯನ್ನು ದಾಟಲೇಬೇಕಾದ ಒಂದೆಡೆ ಅಡ್ಡಲಾಗಿ ದಾಟಿಸಿ, ಸುರುಳಿಯನ್ನು ಸಡಿಲಿಸಿ ಹರವಿದ ಮೇಲೆ ಹೋದವು. ಆ ತಂತಿಯನ್ನು ಕತ್ತರಿಸಿ ಗಿಡ್ಡ ಮಾಡುವ ಯೋಚನೆ ಬಂದಿತ್ತು, ಮಾಡದಿದ್ದುದು ಒಳ್ಳೆಯದಾಯಿತು.

ಈಗ ಪರದೆಗೆ ಎಂಜಿನ್ ಬ್ಯಾಟರಿಯಿಂದಲೇ, ಪ್ರತ್ಯೇಕ ಫ್ಯೂಸಿನೊಂದಿಗೆ ವಿದ್ಯುತ್ ಬರುತ್ತಿದೆ. ಎಂಜಿನ್ ಹಚ್ಚುವಾಗ ಪರದೆ ಒಮ್ಮೊಮ್ಮೆ ಆರಿ ಮತ್ತೆ ಹತ್ತುತ್ತದೆ; ಅದನ್ನು ಸಹಿಸಿಕೊಂಡಿದ್ದೇನೆ.

ಆಗಸ್ಟಿನ ಒಂದು ಬೆಳಗ್ಗೆ 28 ಅಡಿ ನೀರಿನ ಪೊದೆಯೊಂದರ ಮೇಲೆ ಸ್ಪಾಟ್-ಲಾಕ್ ಒತ್ತಿ ನಿಂತೆ. 20 ಡಿಗ್ರಿಯ ಸೋನಾರ್ ಶಂಕು ಅಷ್ಟು ಆಳದಲ್ಲಿ ಹರಡುವುದು ಸುಮಾರು 10 ಅಡಿ ಅಗಲದ ವೃತ್ತಕ್ಕೆ. ಟ್ರಾನ್ಸ್‌ಡ್ಯೂಸರ್ ಈಗ ಕಾಲಿನ ಮುಂದೆಯೇ ಇರುವುದರಿಂದ ನೇರವಾಗಿ ಬಿಟ್ಟ ಗಾಳವೂ ಅದರೊಳಗೇ ಇಳಿಯುತ್ತದೆ. ಊರಿನಲ್ಲಿ ಹರಿಗೋಲಿನ ಅಂಬಿಗ ಗಳ ಊರಿ ಆಳ ನೋಡುತ್ತಿದ್ದುದು ನೆನಪಾಯಿತು, ಅವನ ಗಳಕ್ಕೂ ನೆಲ ಸಿಗದ ನೀರು ಇದು. ಸೀಸದ ಗುಂಡು ಪರದೆಯ ಮೇಲೆ ಓರೆಗೆರೆಯಾಗಿ ಇಳಿಯಿತು. 24 ಅಡಿಯ ಬಳಿ ಪೊದೆಯಿಂದ ಇನ್ನೊಂದು ಗೆರೆ ಎದ್ದು ಅದನ್ನು ಕೂಡಿತು, ಕೋಲು ಬಾಗಿತು. ತಂತಿ ಎಳೆಯಲು ಬಳಸಿದ ನೈಲಾನ್ ಹುರಿಯನ್ನು ಮಾತ್ರ ಎಡಮಗ್ಗುಲಿನ ಕೊಳವೆಯೊಳಗೆ ಹಾಗೆಯೇ ಬಿಟ್ಟಿದ್ದೇನೆ, ಮುಂದಿನ ತಂತಿಗೆ ಬೇಕಾಗುತ್ತದೆ.